“ಹಿಂದೆ ತಿರುಗಿ ನೋಡೋ”: ಹಂಪಿಯಲ್ಲಿ ಕ್ಯಾಮೆರಾ ಹೊತ್ತ ನಾಲ್ಕು ದಿನ

ಮೊದಲ ದಿನ: ನಡುಮಧ್ಯಾಹ್ನದ ಬಿಸಿಲು

ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆ ಮುಟ್ಟಿದಾಗ ಬೆಳಗಾಗಿತ್ತು. ಅಕ್ಕ ನಿದ್ದೆಗಣ್ಣಲ್ಲೇ ಕೇಳಿದಳು, “ನಿನ್ನ ಕೋಲು ತಗೊಂಡ್ಯಾ?” ಕೋಲು ಅಂದರೆ ನನ್ನ ಟ್ರೈಪಾಡ್. ಅದನ್ನು ನಾಲ್ಕು ದಿನ ಹೊತ್ತು ತಿರುಗಿದೆ. ಯಾವ ಕೆಲಸಕ್ಕೆ ಬಂತು ಅಂತ ಕೊನೆಗೆ ಹೇಳುತ್ತೇನೆ, ನಗಬಾರದು.

ನಾನು ವಾರವಿಡೀ ಆಫೀಸಿಗೆ ಹೋಗಿ ಭಾನುವಾರ ಕ್ಯಾಮೆರಾ ಹಿಡಿಯುವ ಜಾತಿ. ಲಾಲ್‌ಬಾಗ್, ನಂದಿ ಬೆಟ್ಟ, ರಂಗನತಿಟ್ಟು ಎಲ್ಲ ಆಗಿದೆ. ಇರುವುದು ಗೆಳೆಯನಿಂದ ಕೊಂಡ ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18–55 ಲೆನ್ಸ್, ಆಮೇಲೆ ದುಡ್ಡು ಕೂಡಿಸಿ ತಗೊಂಡ, ದೂರದ್ದನ್ನು ಹತ್ತಿರ ತರುವ 70–300. ಅಕ್ಕ ಪ್ರೈಮರಿ ಸ್ಕೂಲ್ ಟೀಚರ್. ಫೋಟೋ ಅಂದರೆ ಅವಳಿಗೆ ಅಷ್ಟಕ್ಕಷ್ಟೆ. “ಸುಮ್ನೆ ಬರ್ತೀನಿ. ಲೆನ್ಸಿನ ಪುರಾಣ ಮಾತ್ರ ಹೇಳಬೇಡ” ಅಂತ ಮೊದಲೇ ಷರತ್ತು ಹಾಕಿದ್ದಳು.

ಸ್ಟೇಷನ್ ಹೊರಗೆ ಒಬ್ಬ ಆಟೋದವರು ಸಿಕ್ಕರು. “ಬರ್ರಿ ಸರ, ಹತ್ರಿ. ನಾಕು ದಿನ ನಾನ ತಿರುಗಿಸ್ತೀನಿ.” ದರ ಮಾತಾಡಿದ್ದು ಅಕ್ಕ. ದಾರಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಬಿಲ್ ಕೊಡುವಾಗ ಅವರು ನನ್ನ ಕ್ಯಾಮೆರಾ ನೋಡಿ, “ನಮ್ ಆಟೋದ್ದೂ ಒಂದು ಹೊಡೀರಿ ಸರ” ಅಂದರು. ಹೊಡೆಯೋಣ, ಬೆಳಕು ಚೆನ್ನಾಗಿರುವಾಗ ಹೊಡೆಯೋಣ ಅಂದೆ.

ಕಮಲಾಪುರದಲ್ಲಿ ರೂಮು ಹಿಡಿದು ಸ್ನಾನ ಮುಗಿಸುವಷ್ಟರಲ್ಲಿ ಹನ್ನೊಂದು ದಾಟಿತು. ಮೊದಲ ತಪ್ಪು ಇಲ್ಲೇ ಆಯಿತು. ಊಟ ಮಾಡಿ ಮಲಗಬೇಕಿತ್ತು. ಆಸೆ ತಡೆಯದೆ ಹನ್ನೆರಡಕ್ಕೆ ಕಮಲ ಮಹಲಿನ ಮುಂದೆ ನಿಂತಿದ್ದೆ. ಡಿಸೆಂಬರ್ ಆದರೂ ಬಿಸಿಲು ಚುರುಗುಟ್ಟುತ್ತಿತ್ತು. ಕಮಾನಿನ ಹೊರಗೆ ಕಣ್ಣು ಕುಕ್ಕುವ ಬೆಳಕು, ಒಳಗೆ ಕಾಡಿಗೆಯ ಹಾಗೆ ಕತ್ತಲೆ. ನಮ್ಮ ಕಣ್ಣು ಎರಡನ್ನೂ ನೋಡುತ್ತದೆ, ಕ್ಯಾಮೆರಾಕ್ಕೆ ಆ ಶಕ್ತಿ ಇಲ್ಲ. ಹೊರಗಿನದಕ್ಕೆ ಸರಿಮಾಡಿದರೆ ಒಳಗೆ ಮಸಿ. ಒಳಗಿನದಕ್ಕೆ ಸರಿಮಾಡಿದರೆ ಹೊರಗೆ ಸುಣ್ಣ. ನಲವತ್ತು ಫೋಟೋ ತೆಗೆದೆ. ಒಂದೂ ಉಳಿಯಲಿಲ್ಲ.

ಇಂಥ ಬಿಸಿಲಿಗೂ ಒಂದು ಉಪಯೋಗ ಇದೆ ಅಂತ ಗೊತ್ತಾಗಿದ್ದು ಮೆಟ್ಟಿಲ ಪುಷ್ಕರಣಿಯ ಹತ್ತಿರ. ಅರಮನೆ ಆವರಣದಲ್ಲಿ 1980ರ ದಶಕದಲ್ಲಿ ಅಗೆದು ಹೊರತೆಗೆದ ಕೊಳ ಅದು. ಕರಿಕಲ್ಲಿನ ಮೆಟ್ಟಿಲುಗಳು ತ್ರಿಕೋನ ತ್ರಿಕೋನವಾಗಿ ಇಳಿಯುತ್ತವೆ. ಸಂಜೆಯ ಮೆದು ಬೆಳಕಿನಲ್ಲಿ ಅವು ಒಂದರೊಳಗೊಂದು ಸೇರಿಹೋಗುತ್ತವೆ. ಈ ಉರಿಬಿಸಿಲಲ್ಲಿ ಮಾತ್ರ ಒಂದೊಂದು ಮೆಟ್ಟಿಲಿಗೂ ಕತ್ತಿಯಂಥ ನೆರಳು ಬಿದ್ದಿರುತ್ತದೆ. ಬಣ್ಣ ಬಿಟ್ಟು ಕಪ್ಪು ಬಿಳುಪಿನಲ್ಲಿ ತೆಗೆದೆ. ಹಜಾರ ರಾಮ ದೇವಸ್ಥಾನದಲ್ಲೂ ಹಾಗೇ. ಬಿಸಿಲು ಮೇಲಿನಿಂದ ಓರೆಯಾಗಿ ಜಾರುವ ದಕ್ಷಿಣದ ಗೋಡೆಯಲ್ಲಿ ಕೆತ್ತನೆಯ ಆನೆ ಕುದುರೆಗಳು ಕಲ್ಲಿನಿಂದ ಎದ್ದು ಬಂದಂತೆ ಕಾಣುತ್ತವೆ. ನೆರಳಿನ ಕಡೆಯ ಗೋಡೆಯಲ್ಲಿ ಅವೇ ಕುದುರೆಗಳು ಚಪ್ಪಟೆ. ಆದ್ದರಿಂದ ಮಧ್ಯಾಹ್ನ ಸಿಕ್ಕಿಬಿದ್ದರೆ ಇಡೀ ಕಟ್ಟಡ ಬಿಡಿ, ಗೋಡೆ ಹಿಡಿಯಿರಿ.

ಗಜಶಾಲೆಗೆ ನಾಲ್ಕು ಗಂಟೆಗೆ ಹೋದದ್ದು ಲೆಕ್ಕ ಹಾಕಿ. ಅದರ ಹನ್ನೊಂದು ಬಾಗಿಲುಗಳೂ ಪಶ್ಚಿಮಕ್ಕೆ ಮುಖ ಮಾಡಿವೆ. ಬೆಳಗ್ಗೆ ಹೋದರೆ ಕಟ್ಟಡದ ಬೆನ್ನಿಗೆ ಬಿಸಿಲು, ಮುಖ ನೆರಳು. ಸಂಜೆಯಾದರೆ ಗುಮ್ಮಟಗಳಿಗೆಲ್ಲ ಜೇನಿನ ಬಣ್ಣ. ಸ್ಥಳಕ್ಕೆ ಹೋಗುವ ಮೊದಲು ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಕೇಳಿಕೊಳ್ಳಿ. ಈ ಒಂದು ಪ್ರಶ್ನೆ ಹೊಸ ಲೆನ್ಸಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಅಲ್ಲಿ ಟ್ರೈಪಾಡ್ ಬಿಚ್ಚಿದ್ದೇ ತಡ, ಕಾವಲಿನವರು ಓಡಿ ಬಂದರು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಗೊತ್ತಿದ್ದೂ ತೆಗೆದವನು ನಾನು, ಸುಮ್ಮನೆ ಮಡಚಿದೆ.

ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ತಿಂಗಳು. ಹುಲ್ಲಿನ ಮೇಲೆ ಇನ್ನೂರು ಮಕ್ಕಳು. ಅವರು ಸರಿಯಲಿ ಅಂತ ಅರ್ಧ ಗಂಟೆ ಕಾದೆ. ಆಮೇಲೆ ಅನ್ನಿಸಿತು, ಯಾಕೆ ಸರಿಯಬೇಕು? ನೀಲಿ ಯೂನಿಫಾರಂನ ಒಬ್ಬ ಹುಡುಗ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದ. ಅವನಿಂದಲೇ ಆ ಬಾಗಿಲು ಆನೆಗೆ ಅಂತ ಗೊತ್ತಾಗುತ್ತದೆ. ಮೊದಲ ದಿನದ ಒಳ್ಳೆಯ ಫೋಟೋ ಅದೇ.

ಸೂರ್ಯಾಸ್ತಕ್ಕೆ ಹೇಮಕೂಟ. ಬಂಡೆ ತುಂಬ ಜನ, ಎಲ್ಲರ ಕೈಯಲ್ಲೂ ಒಂದೇ ಕಿತ್ತಳೆ ಚೆಂಡು. ನನ್ನ ಕೈಯಲ್ಲೂ ಅದೇ.

ಎರಡನೆಯ ದಿನ: ಮತಂಗ, ಕತ್ತಲೆ ಕೋಣೆ, ಕರಡಿ

ಬೆಳಗ್ಗೆ ಐದಕ್ಕೇ ಆಟೋ ಬಂತು. “ಮತಂಗಕ್ಕ ಒಬ್ರ ಹೋಗಬ್ಯಾಡ್ರಿ, ಕತ್ತಲಾಗ ದಾರಿ ತಪ್ತೀರಿ” ಅಂತ ಆಟೋ ಅಣ್ಣ ತಾವೂ ಹತ್ತಿದರು. ಅವರ ಮಾತು ಸರಿ. ಕತ್ತಲಲ್ಲಿ ಆ ಗುಡ್ಡ ಹತ್ತುವುದಾದರೆ ಜೊತೆಗೆ ಜನ ಇರಬೇಕು, ತಲೆಗೆ ಕಟ್ಟುವ ಟಾರ್ಚ್ ಬೇಕು. ಕೈಯಲ್ಲಿ ಹಿಡಿಯುವ ಟಾರ್ಚ್ ಆಗದು. ಕೆಲವು ಕಡೆ ಎರಡೂ ಕೈ ಊರಬೇಕಾಗುತ್ತದೆ.

ಮೇಲೆ ವೀರಭದ್ರ ದೇವಸ್ಥಾನ. ಅದರ ಸುತ್ತ ಆಗಲೇ ಇಪ್ಪತ್ತು ಮಂದಿ ಪೂರ್ವಕ್ಕೆ ಮುಖ ಮಾಡಿ ಕೂತಿದ್ದರು. ನಾನೂ ಸಾಲಿನಲ್ಲಿ ಸೇರಿಕೊಂಡೆ. ಆರೂವರೆ ದಾಟಿದ ಮೇಲೆ ಮಂಜಿನ ಹಿಂದಿನಿಂದ ಸೂರ್ಯ ಎದ್ದ. ಕಟಕಟ ಅಂತ ಎಲ್ಲರ ಶಟರ್. ನನ್ನದೂ. ಪರದೆಯಲ್ಲಿ ನೋಡಿದೆ. ಕಪ್ಪು ಬಂಡೆ, ಕಿತ್ತಳೆ ಚೆಂಡು. ನಿನ್ನೆ ಸಂಜೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ನನಗೇ ತಿಳಿಯಲಿಲ್ಲ.

“ಲೋ, ಹಿಂದೆ ತಿರುಗಿ ನೋಡೋ.”

ಅಕ್ಕ ಆ ಕಡೆಗೆ ಮುಖ ಮಾಡಿ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದಳು. ತಿರುಗಿದೆ. ಪಶ್ಚಿಮಕ್ಕೆ ಹಂಪಿ ಬಜಾರು ಇನ್ನೂ ನೆರಳಿನಲ್ಲಿ ನೀಲಿಯಾಗಿ ಮಲಗಿತ್ತು. ಅದರ ತುದಿಯಲ್ಲಿ ವಿರೂಪಾಕ್ಷನ ಗೋಪುರ. ಬುಡಕ್ಕೆ ಇನ್ನೂ ಬೆಳಕಿಲ್ಲ, ತುದಿಗೆ ಮಾತ್ರ ಬಿಸಿಲು ಹತ್ತಿತ್ತು. ಒಂಬತ್ತು ಅಂತಸ್ತಿನಲ್ಲಿ ಮೇಲಿನ ಎರಡು ಬೆಣ್ಣೆಯ ಹಾಗೆ ಹೊಳೆಯುತ್ತಿದ್ದವು. ಬೆಳಕು ಒಂದೊಂದೇ ಅಂತಸ್ತು ಇಳಿಯಿತು. ಹೆಚ್ಚೆಂದರೆ ಹತ್ತು ನಿಮಿಷ. ಸೂರ್ಯ ಚಿತ್ರ ಬರೆಯುತ್ತಿದ್ದದ್ದು ಈ ಕಡೆ. ನಾವು ಇಪ್ಪತ್ತು ಮಂದಿ ನೋಡುತ್ತಿದ್ದದ್ದು ಕುಂಚ ಹಿಡಿದವನನ್ನು.

ಅಲ್ಲಿ ಮಾಡಿದ ಕೆಲಸ ಹೇಳುತ್ತೇನೆ. ಲೆನ್ಸ್ 200ರ ಹತ್ತಿರ, ಎಫ್ 8 (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಂಕಿ). ಫ್ರೇಮಿನಲ್ಲಿ ನೆರಳೇ ಜಾಸ್ತಿ ಇದ್ದದ್ದರಿಂದ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಲು ಹೊರಟಿತು, ಗೋಪುರದ ತುದಿ ಸುಟ್ಟುಹೋಯಿತು. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿದೆ, ಅಂದರೆ ಒಳಗೆ ಬರುವ ಬೆಳಕನ್ನು ಅರ್ಧ ಮಾಡಿದೆ. ನೆರಳು ನೆರಳಾಗಿ ಉಳಿಯಿತು, ಬಿಸಿಲಿಗೆ ಬಣ್ಣ ಬಂತು. ಆಮೇಲೆ ಈಶಾನ್ಯಕ್ಕೆ ತಿರುಗಿದರೆ ಕೆಳಗೆ ಅಚ್ಯುತರಾಯನ ದೇವಸ್ಥಾನ. ಪಕ್ಕದಿಂದ ಬೀಳುವ ಬೆಳಕಿಗೆ ಪ್ರತಿ ಕಂಬಕ್ಕೂ ಮಾರುದ್ದ ನೆರಳು. ಏಳೂಕಾಲಿಗೆ ಎಲ್ಲ ಮುಗಿಯಿತು. ಸೂರ್ಯ ಹುಟ್ಟಿದ ಕೂಡಲೇ ಇಳಿದುಹೋದವರೇ ಜಾಸ್ತಿ. ಅವರಿಗೆ ಕಳೆದುಕೊಂಡದ್ದು ಏನು ಅಂತಲೂ ಗೊತ್ತಿಲ್ಲ.

ಕೆಳಗಿಳಿದು ವಿರೂಪಾಕ್ಷನ ಗುಡಿಗೆ ಹೋದೆವು. ದೇವಸ್ಥಾನದ ಆನೆ ಲಕ್ಷ್ಮಿ ಅಕ್ಕನ ತಲೆ ಮೇಲೆ ಸೊಂಡಿಲಿಟ್ಟಳು. ನಾನು ಆ ಕ್ಷಣ ಲೆನ್ಸ್ ಬದಲಿಸುತ್ತಿದ್ದೆ. ಇದನ್ನು ಅಕ್ಕ ಈಗಲೂ ಎಲ್ಲರಿಗೂ ಹೇಳುತ್ತಾಳೆ.

ಗರ್ಭಗುಡಿಯ ಹಿಂಬದಿಗೆ ಒಂದು ಕತ್ತಲೆ ಕೋಣೆ ಇದೆ. ಫೋಟೋ ಹುಚ್ಚು ಇರುವವರು ಹಂಪಿಯಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬಾರದು. ಗೋಡೆಯಲ್ಲೊಂದು ಸಣ್ಣ ಕಿಂಡಿ. ಅದರ ಎದುರು ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಪವಾಡ ಅಂತ ಕೈ ಮುಗಿಯುವವರಿದ್ದಾರೆ, ಮುಗಿಯಲಿ. ಬೆಳಕು ನೇರ ಗೆರೆಯಲ್ಲೇ ಹೋಗುತ್ತದೆ. ಗೋಪುರದ ತುದಿಯಿಂದ ಬಂದದ್ದು ಕಿಂಡಿ ದಾಟಿ ಕೆಳಕ್ಕೆ ಹೋಗುತ್ತದೆ, ಬುಡದಿಂದ ಬಂದದ್ದು ಮೇಲಕ್ಕೆ. ನಮ್ಮ ಎಲ್ಲರ ಕ್ಯಾಮೆರಾದೊಳಗೂ ಚಿತ್ರ ಬೀಳುವುದು ಹೀಗೇ ತಲೆಕೆಳಗಾಗಿ. ಬೆಳಗ್ಗೆ ಗೋಪುರದ ನಮ್ಮ ಕಡೆಯ ಮೈ ನೆರಳಿನಲ್ಲಿರುತ್ತದೆ, ಅದರ ಹಿಂದಿನ ಆಕಾಶ ಬೆಳ್ಳಗಿರುತ್ತದೆ. ಹಾಗಾಗಿ ಗೋಡೆಯ ಮೇಲೆ ಆಕಾರ ಸ್ಪಷ್ಟ.

ಅಕ್ಕ ತುಂಬ ಹೊತ್ತು ನೋಡಿದಳು. “ಇದಕ್ಕೆ ಲೆನ್ಸ್ ಎಲ್ಲೋ?” ಅಂದಳು. ಇಲ್ಲ ಅಂದೆ. “ಮತ್ತೆ ನೀನು ಯಾಕೆ ಅಷ್ಟು ದುಡ್ಡು ಹಾಕಿದ್ದು?” ಉತ್ತರ ಇತ್ತು, ಆದರೆ ಲೆನ್ಸಿನ ಪುರಾಣ ಹೇಳಬಾರದು ಅಂತ ಷರತ್ತಿತ್ತಲ್ವಾ.

ಮಧ್ಯಾಹ್ನ ಊಟ ಮುಗಿಸಿ ದರೋಜಿ ಕರಡಿಧಾಮಕ್ಕೆ. 1994ರಲ್ಲಿ ಆದ ಅಭಯಾರಣ್ಯ ಇದು. ಕುರುಚಲು ಕಾಡು, ಎಲ್ಲೆಡೆ ಬಂಡೆ. ವೀಕ್ಷಣಾ ಗೋಪುರದ ಎದುರಿನ ಗುಡ್ಡದ ಬಂಡೆಗಳಿಗೆ ಇಲಾಖೆಯವರು ಬೆಲ್ಲದ ಪಾಕದಂಥದ್ದನ್ನು ಸವರಿ ಬರುತ್ತಾರೆ. ನೆಕ್ಕಲು ಕರಡಿಗಳು ಗವಿಯಿಂದ ಇಳಿಯುತ್ತವೆ. ಇದನ್ನು ವನ್ಯಜೀವಿ ಫೋಟೋ ಅನ್ನಬೇಕೋ, ಹಬ್ಬದೂಟದ ಫೋಟೋ ಅನ್ನಬೇಕೋ ಅನ್ನುವ ಅನುಮಾನ ನನಗಿದೆ. ಆದರೂ ಹೋದೆ, ತೆಗೆದೆ. ಯಾರಿಗಾದರೂ ತೋರಿಸುವಾಗ ಬೆಲ್ಲದ ವಿಷಯವನ್ನೂ ಹೇಳುತ್ತೇನೆ. ಅಷ್ಟು ಪ್ರಾಮಾಣಿಕತೆ ಇದ್ದರೆ ಸಾಕು ಅಂತ ನನ್ನ ಲೆಕ್ಕ.

ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆ ನೆನಪಾದರು. ರಾಜ್ಯದ ಹಣಕಾಸು ಸಚಿವರಾಗಿದ್ದವರು, ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಹೌದು. ಅವರ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ನಾನು ಆ ಗೋಪುರದ ಮೇಲೆ ಮೊದಲ ಹತ್ತು ನಿಮಿಷದಲ್ಲೇ ನೂರು ದಾಟಿದ್ದೆ.

ನಾಲ್ಕೂವರೆಯ ಹೊತ್ತಿಗೆ ಒಂದು ತಾಯಿ, ಹಿಂದೆ ಬೆಳೆದ ಮರಿ. ನನ್ನ 300ರಲ್ಲಿ ಅವು ಬಂಡೆಯ ಮೇಲೆ ಕುಳಿತ ಎರಡು ಕಪ್ಪು ಚುಕ್ಕೆ. ಕಪ್ಪು ಪ್ರಾಣಿಗೆ ಎಕ್ಸ್‌ಪೋಷರ್ ಇಳಿಸು ಅಂತ ಎಲ್ಲರೂ ಹೇಳುತ್ತಾರೆ. ಕರಡಿ ಫ್ರೇಮ್ ತುಂಬಿದ್ದರೆ ಅದು ಸರಿ. ಇಲ್ಲಿ ಫ್ರೇಮ್ ತುಂಬ ಬಿಸಿಲು ಬಿದ್ದ ಬಂಡೆ. ಕ್ಯಾಮೆರಾ ಬಂಡೆಗೆ ಹೆದರಿ ಎಲ್ಲವನ್ನೂ ಕಪ್ಪು ಮಾಡಿತ್ತು, ಕರಡಿಗೆ ಕಣ್ಣೇ ಇರಲಿಲ್ಲ. ನಾನು ಮುಕ್ಕಾಲು ಸ್ಟಾಪ್ ಏರಿಸಿದೆ. ಆಗ ಕೂದಲು ಕಂಡಿತು, ಮೂತಿ ಕಂಡಿತು. ಬೆಳಕು ಇಳಿದಂತೆ ಐಎಸ್‌ಓ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ; ಏರಿಸಿದಷ್ಟೂ ಕಡಿಮೆ ಬೆಳಕು ಸಾಕು, ಚಿತ್ರ ಮಾತ್ರ ಕಾಳುಕಾಳು) ಏರಿಸುತ್ತಾ ಹೋಗಿ 3200 ಮುಟ್ಟಿದೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ಎಲ್ಲರೂ ದೂರದ ಕರಡಿಗೆ ಕಣ್ಣು ನೆಟ್ಟಿರುವಾಗ ಅಕ್ಕ ಮೊಣಕೈಯಿಂದ ತಿವಿದಳು. ಗೋಪುರದ ಬುಡದಲ್ಲೇ ಒಂದು ಜೋಡಿ ಪೇಂಟೆಡ್ ಸ್ಪರ್‌ಫೌಲ್. ಗಂಡಿನ ಕೆಂಗಂದು ಮೈ ಮೇಲೆ ಯಾರೋ ಸುಣ್ಣ ಚಿಮುಕಿಸಿದಂತೆ ಬಿಳಿ ಚುಕ್ಕೆ. ಸಾಮಾನ್ಯವಾಗಿ ಪೊದೆಯಿಂದ ಹೊರಬರದ ನಾಚಿಕೆಯ ಹಕ್ಕಿ. ನನ್ನ ಬಡ ಲೆನ್ಸಿಗೆ ಹೇಳಿ ಮಾಡಿಸಿದ ದೂರದಲ್ಲಿ ಕಾಳು ಹೆಕ್ಕುತ್ತಿತ್ತು. ಕಟಕಟೆಗೆ ಮೊಣಕೈ ಊರಿ, ಉಸಿರು ಬಿಗಿಹಿಡಿದು ಆರು ಫೋಟೋ. ಆರರಲ್ಲಿ ನಾಲ್ಕು ಚೆನ್ನಾಗಿ ಬಂದವು.

ಮೂರನೆಯ ದಿನ: 3200

ವಿಜಯ ವಿಠ್ಠಲ ದೇವಸ್ಥಾನದ ಬಾಗಿಲು ಸೂರ್ಯ ಹುಟ್ಟುವ ಹೊತ್ತಿಗೆ ತೆಗೆಯುವುದಿಲ್ಲ. ತೆಗೆದ ಕೂಡಲೇ ಒಳಗಿರಬೇಕು. ಅದಕ್ಕಾಗಿ ಮೊದಲ ಬ್ಯಾಟರಿ ಗಾಡಿಯಲ್ಲಿ ಕೂತೆವು. ಕಲ್ಲಿನ ರಥದ ಮುಂದೆ ಹತ್ತೇ ಜನ. ಆಕಾಶ ನೀಲಿ, ಬಂಡೆಗೆ ನಸುಗೆಂಪು. ಇಂಥ ಬೆಳಗು ವರ್ಷಕ್ಕೊಂದು ಸಿಗುತ್ತದೆ. ಒಂದು ಗಂಟೆ ಕೂತು, ನಿಂತು, ಮಲಗಿ ತೆಗೆದೆ. ಶಟರ್ ಸ್ಪೀಡಿನ ಅಂಕಿ ಮಿಣಮಿಣ ಅನ್ನುತ್ತಿತ್ತು. ಏನೋ ಇರಬೇಕು ಅಂದುಕೊಂಡೆ.

ಅಕ್ಕ ಪರದೆ ಇಣುಕಿ ಕೇಳಿದಳು, “ಆಕಾಶ ಯಾಕೋ ಬಿಳಿ?”

ಐಎಸ್‌ಓ 3200. ನಿನ್ನೆ ಸಂಜೆಯ ಕರಡಿಗೆ ಇಟ್ಟದ್ದು ಹಾಗೇ ಇತ್ತು. ಅದರ ಮೇಲೆ ಏರಿಸಿದ್ದ ಮುಕ್ಕಾಲು ಸ್ಟಾಪ್ ಬೇರೆ. ಎಫ್ 8 ಇಟ್ಟುಕೊಂಡು ತೆಗೆಯುತ್ತಿದ್ದೆ. ನನ್ನ ಕ್ಯಾಮೆರಾದ ಶಟರ್ 1/4000 ಸೆಕೆಂಡಿಗಿಂತ ವೇಗ ಹೋಗದು. “ಇನ್ನು ಆಗಲ್ಲ ಮಾರಾಯ” ಅಂತ ಅದು ಕಣ್ಣು ಮಿಟುಕಿಸುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. 140 ಫೋಟೋ, ಎಲ್ಲದರ ಆಕಾಶ ಸುಣ್ಣ, ಕಲ್ಲಿನ ಮೇಲೆ ಮರಳು ಎರಚಿದಂತೆ ಕಾಳುಕಾಳು. ಅಷ್ಟೊತ್ತಿಗೆ ಶಾಲಾ ಬಸ್ಸುಗಳು ಬಂದಿದ್ದವು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕುವ ಮೊದಲು ಐಎಸ್‌ಓ 200ಕ್ಕೆ, ಎಕ್ಸ್‌ಪೋಷರ್ ಸೊನ್ನೆಗೆ, ವೈಟ್ ಬ್ಯಾಲೆನ್ಸ್ ಆಟೋಗೆ ತರುತ್ತೇನೆ. ಗ್ಯಾಸ್ ಆಫ್ ಮಾಡಿದ್ದೀನಾ ಅಂತ ನೋಡಿ ಮಲಗುತ್ತೇವಲ್ಲ, ಹಾಗೆ.

ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ ಅಕ್ಕ ಪರ್ಸಿನಿಂದ 50 ರೂಪಾಯಿ ನೋಟು ತೆಗೆದು, ಅದರ ಹಿಂಬದಿಯ ರಥವನ್ನು ಎದುರಿನ ರಥಕ್ಕೆ ಹಿಡಿದು ತಾಳೆ ನೋಡುತ್ತಿದ್ದಳು. ನಾನು ಅವಳಿಗೆ ಫೋನಿನಲ್ಲಿ ಇನ್ನೊಂದು ಚಿತ್ರ ತೋರಿಸಿದೆ. 1856ರಲ್ಲಿ ಕಂಪನಿ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಇಲ್ಲಿ ಬಂದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿದ್ದ. ಆ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಇಲ್ಲ. ಅವನ ಫೋಟೋಗಳಲ್ಲಿ ಕಿತ್ತಳೆ ಚೆಂಡೂ ಇಲ್ಲ, ನಾಟಕವೂ ಇಲ್ಲ. ಎದುರಿಗೆ ನಿಂತು ಇದ್ದದ್ದನ್ನು ಇದ್ದಂತೆ ತೆಗೆದಿದ್ದಾನೆ. ಆದರೂ ಆ ಗೋಪುರ ಇತ್ತು ಅಂತ ನಮಗೆ ತೋರಿಸುವುದು ಅದೇ ಫೋಟೋ. ಆಮೇಲೆ ನಾನೂ ಐಎಸ್‌ಓ ಸರಿಮಾಡಿಕೊಂಡು, ಜನರ ನಡುವೆಯೇ, ನೇರ ಎದುರಿನಿಂದ ಒಂದು ತೆಗೆದೆ. ಮಕ್ಕಳು, ಸೆಲ್ಫಿ ಕೋಲು, ಕಾವಲಿನವರ ಸೀಟಿ ಎಲ್ಲ ಇದೆ. ಸೀಟಿಯ ಸದ್ದು ಇಲ್ಲ ಅಷ್ಟೆ.

ಸಂಜೆ ಎಲ್ಲೂ ಹೋಗಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ನಿದ್ದೆ.

ನಾಲ್ಕನೆಯ ದಿನ: ಹೊಳೆ ಮತ್ತು ಆಟೋ

ಅಂಜನಾದ್ರಿಯ 575 ಮೆಟ್ಟಿಲು ನೋಡಿ ಅಕ್ಕನ ಮೊಣಕಾಲು ಬೇಡ ಅಂದಿತು. ನನ್ನದೂ ಒಪ್ಪಿತು. ಬದಲಿಗೆ ಆನೆಗುಂದಿ ಕಡೆ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದೆವು. ಬೆಳಗ್ಗೆ ನೀರಿನ ಮೇಲೆ ಬಂಡೆಗಳ ನೆರಳು ಕನ್ನಡಿಯಂತೆ ನಿಂತಿತ್ತು. ಪೋಲರೈಸರ್ ಫಿಲ್ಟರ್ ಹಾಕಿದ್ದರೆ ಬಿಚ್ಚಿಡಿ, ಇಲ್ಲವೇ ತಿರುಗಿಸಿ ನೋಡಿ. ಅದು ನೀರಿನ ಹೊಳಪನ್ನು ನುಂಗುವಾಗ ನಮಗೆ ಬೇಕಾದ ಪ್ರತಿಬಿಂಬವನ್ನೂ ನುಂಗಿಬಿಡುತ್ತದೆ. ಕ್ಯಾಮೆರಾ ಬ್ಯಾಗಿನಲ್ಲಿ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ. ಹರಿಗೋಲಿನವರು ಖುಷಿಗೆ ಅಂತ ಬುಗುರಿಯ ಹಾಗೆ ಒಂದು ಸುತ್ತು ತಿರುಗಿಸಿದರು. ಕ್ಯಾಮೆರಾ ಬಚಾವಾಯಿತು. ಅಕ್ಕನ ಶಾಲು ತೊಪ್ಪೆಯಾಯಿತು.

ದಡಕ್ಕೆ ಬಂದು ಟ್ರೈಪಾಡ್‌ನ ಮೂರೂ ಕಾಲು ಬಿಡಿಸಿ ಮರಳಲ್ಲಿ ಊರಿದೆವು. ಶಾಲು ಅರ್ಧ ಗಂಟೆಯಲ್ಲಿ ಒಣಗಿತು. ನಾಲ್ಕು ದಿನದಲ್ಲಿ ಅದು ಮಾಡಿದ ಒಂದೇ ಕೆಲಸ.

ಸ್ಟೇಷನ್‌ಗೆ ವಾಪಸು ಬರುವಾಗ ಆಟೋ ಅಣ್ಣನಿಗೆ ಕೊಟ್ಟ ಮಾತು ನೆನಪಾಯಿತು. ಬಾಳೆ ತೋಟದ ಪಕ್ಕ ನಿಲ್ಲಿಸಿ ಅಂದೆ. ಸಂಜೆ ನಾಲ್ಕೂಮುಕ್ಕಾಲು, ಪಕ್ಕದಿಂದ ಬಿಸಿಲು. ಅವರು ಬಾಚಣಿಗೆ ತೆಗೆದು ತಲೆ ಬಾಚಿಕೊಂಡು ಹ್ಯಾಂಡಲ್ ಹಿಡಿದು ಬಿಗಿಯಾಗಿ ಕೂತರು. ನಾನು ಸುಮ್ಮನೆ ಹರಟಿದೆ. ಮಗಳ ಓದು, ಈ ಸಲದ ಮಳೆ, ಡ್ಯಾಮಿನ ನೀರು. ಭುಜ ಸಡಿಲವಾಯಿತು. ಯಾವುದೋ ಮಾತಿಗೆ ನಕ್ಕರು, ಆಗ ಒತ್ತಿದೆ. 70ರಲ್ಲಿ, ಅಪರ್ಚರ್ ಪೂರ್ತಿ ತೆರೆದು. ಮುಖದ ಅರ್ಧ ಬಂಗಾರ, ಹಿಂದೆ ಬಾಳೆ ಎಲೆಯೆಲ್ಲ ಹಸಿರು ಮಂಜು. ನಾಲ್ಕು ದಿನದಲ್ಲಿ ತೆಗೆದ 900 ಫೋಟೋದಲ್ಲಿ ನನಗೆ ತುಂಬ ಇಷ್ಟವಾದದ್ದು ಅದು. ಬೆಂಗಳೂರಿಗೆ ಬಂದು ಒಳ್ಳೆಯ ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿದೆ.

ವಾರ ಬಿಟ್ಟು ಫೋನ್ ಬಂತು.

“ಫೋಟೋ ಮುಟ್ಟೈತ್ರಿ ಸರ. ಮನ್ಯಾಗ ಎಲ್ರೂ ನೋಡಿದ್ರು. ಛಲೋ ಐತಿ.” ಸ್ವಲ್ಪ ತಡೆದರು. “ಆದ್ರ ಸರ, ಆಟೋನ ಬಂದಿಲ್ಲಲ್ರಿ?”

ಹ್ಯಾಂಡಲ್ ಬಂದಿದೆಯಲ್ಲಾ ಅಣ್ಣಾ ಅಂದೆ.

“ಹ್ಯಾಂಡಲ್ ಯಾರಿಗೆ ಬೇಕ್ರಿ? ಹಿಂದ ಅಪ್ಪು ಅವರ ಚಿತ್ರ ಬರೆಸೀನಿ, ಎರಡು ಸಾವಿರ ಕೊಟ್ಟು. ನೀವು ನಾಕು ದಿನ ಅಡ್ಡಾಡಿದ್ರಿ, ಒಂದ್ಸಲನೂ ಹಿಂದ ಬಂದು ನೋಡಲಿಲ್ಲಲ್ರಿ.”

ಸ್ಪೀಕರ್ ಆನ್ ಇತ್ತು. ಅಡುಗೆಮನೆಯಲ್ಲಿ ಅಕ್ಕ ನಗುತ್ತಿದ್ದಳು.